ಅಮ್ಮನಿಗೆ ಬರುವ ದುಡ್ಡನ್ನು ನಿನ್ನ ಲೆಕ್ಕಕ್ಕೆ ಸೇರಿಸಬೇಡ

ಹೊಸನಗರ
ಆರಿದ್ರೆ ಮಳೆ ಹಿಡಿದ ಮೇಲೆ

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನ ಹಿಂದೆ ಮಂಡಿಯ ಲಾರಿ ಸದ್ದು, ಇಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ದುಡ್ಡಿನ ವಿಷಯ ಅರ್ಧಂಬರ್ಧ ಕೇಳಿಸಿಕೊಂಡು ತೀರ್ಮಾನ ಮಾಡುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಅಮ್ಮನ ಖಾತೆಗೆ ತಿಂಗಳಿಗೆ ಗೃಹಲಕ್ಷ್ಮಿಯ 2000, ವಿಧವಾ ವೇತನದ 800 ಬರುತ್ತದೆ. ಹಾಗಾಗಿ ನೀನು ಮನೆಗೆ ಕಳಿಸುವುದರಲ್ಲಿ ಎರಡೂವರೆ ಸಾವಿರ ಕಡಿಮೆ ಮಾಡಿ ಬೈಕಿನ ಕಂತು ಕಟ್ಟಿದರೆ ಏನು ತಪ್ಪು? ಮನೆಗೆ ಸೇರುವ ಮೊತ್ತ ಮೊದಲಿನಷ್ಟೇ ಇರುತ್ತದಲ್ಲ ಅಂತ ನಿನ್ನ ವಾದ. ಕೂಡಿ ಕಳೆದರೆ ನಿನ್ನ ಲೆಕ್ಕ ಸರಿಯೇ. ಆದರೂ ಬೇಡ ಅಂತ ನಾನು ಹೇಳುವುದು. ಯಾಕೆ ಅಂತ ಬರೆಯಲು ಸ್ವಲ್ಪ ಉದ್ದ ಆಗುತ್ತದೆ. ಊಟ ಆದ ಮೇಲೆ ನಿಧಾನಕ್ಕೆ ಓದು.

ನಾನು ಅಂಚೆ ಚೀಲ ಹೊತ್ತು ತಿರುಗುತ್ತಿದ್ದಾಗ ಈ ಕಡೆಯ ಎಷ್ಟೋ ಮನೆಗಳು ಮನಿಯಾರ್ಡರಿನ ಮೇಲೆ ನಿಂತಿದ್ದವು. ಹುಡುಗರು ಬೆಂಗಳೂರು, ಬೊಂಬಾಯಿ ಹೋಟೆಲುಗಳಲ್ಲಿ ಇರುತ್ತಿದ್ದರು. ನೂರು ರೂಪಾಯಿ ಕಳಿಸಲು ಐದು ರೂಪಾಯಿ ಕಮಿಷನ್. ಈಗ ಫೋನಿನಲ್ಲಿ ಖರ್ಚಿಲ್ಲದೆ ಕಳಿಸುವ ನಿಮಗೆ ಅದು ಸುಲಿಗೆ ಅನ್ನಿಸಬಹುದು. ಕಳಿಸುವವರಲ್ಲಿ ಎರಡು ಥರ. ಕೆಲವರು ನೂರೋ ನೂರೈವತ್ತೋ, ಹತ್ತನೇ ತಾರೀಕಿನ ಆಸುಪಾಸಿಗೆ ತಪ್ಪದೆ ಕಳಿಸುವವರು. ಇನ್ನು ಕೆಲವರು ವರ್ಷವಿಡೀ ಸುಮ್ಮನಿದ್ದು ದೀಪಾವಳಿಗೆ ಊರಿಗೆ ಬರುವಾಗ ಒಟ್ಟಿಗೆ ತರುವವರು. ಒಟ್ಟಿಗೆ ತಂದದ್ದೇ ಜಾಸ್ತಿ ಇರುತ್ತಿದ್ದದ್ದೂ ಉಂಟು. ಆದರೆ ಸಲೀಸಾಗಿ ನಡೆಯುತ್ತಿದ್ದದ್ದು ಮೊದಲನೆಯವರ ಮನೆ. ಹತ್ತನೇ ತಾರೀಕಿಗೆ ದುಡ್ಡು ಬರುತ್ತದೆ ಅಂತ ಅಂಗಡಿಯವನಿಗೂ ಗೊತ್ತಿರುತ್ತಿತ್ತು. ಮೂರನೇ ತಾರೀಕಿಗೆ ಬೆಲ್ಲ, ಎಣ್ಣೆ ಕೇಳಿದರೆ ಮುಖ ಸಿಂಡರಿಸದೆ ಕಟ್ಟಿಕೊಡುತ್ತಿದ್ದ. ಎರಡನೆಯವರ ಮನೆಯ ಹೆಂಗಸರು ಕೌಂಟರಿನ ಬದಿಯಲ್ಲಿ, ಬೇರೆ ಗಿರಾಕಿಗಳೆಲ್ಲ ಹೋಗಲಿ ಅಂತ ಕಾದು ನಿಲ್ಲುತ್ತಿದ್ದರು. ಹಬ್ಬಕ್ಕೆ ಬಂದ ದುಡ್ಡು ಹಳೇ ಬಾಕಿಗೆ ಹೋಗಿ, ಮಿಕ್ಕದ್ದು ಹಬ್ಬದಲ್ಲೇ ಮುಗಿಯುತ್ತಿತ್ತು. ದುಡ್ಡು ಎಷ್ಟು ಅನ್ನುವುದಕ್ಕಿಂತ ಯಾವತ್ತು ಅನ್ನುವುದು ಬಡವರ ಮನೆಗೆ ದೊಡ್ಡ ಪ್ರಶ್ನೆ ಅಂತ ನನಗೆ ಅನ್ನಿಸಿದ್ದು ಆಗಲೇ.

ನಮ್ಮ ಮಲೆನಾಡಿನ ಕೂಲಿಯವರ ವರ್ಷ ಹೇಗಿದೆ ನೋಡು. ಅಡಿಕೆ ಗೊನೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಆರಿಸುವುದು ಅಂತ ಕೈಗೆ ಬಿಡುವಿಲ್ಲ. ನಿನ್ನ ಅಮ್ಮ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿಯವರೆಗೂ ಏಳುವುದಿಲ್ಲ. ಬೇಸಿಗೆಯಲ್ಲಿ ಸೊಪ್ಪು, ಗೊಬ್ಬರ, ಮಣ್ಣಿನ ಕೆಲಸ. ಮಳೆಗೆ ಮುಂಚೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿ, ಆಮೇಲೆ ಒಂದಿಷ್ಟು ದಿನ ಗದ್ದೆ ನೆಟ್ಟಿ. ಅಲ್ಲಿಗೆ ಮುಗಿಯಿತು. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಯಾರು ಕೂಲಿಗೆ ಕರೆಯುತ್ತಾರೆ? ಅದೇ ಹೊತ್ತಿಗೆ ಮಕ್ಕಳಿಗೆ ಪುಸ್ತಕ, ಕೊಡೆ, ಜ್ವರ, ಮಾಡಿಗೆ ಟಾರ್ಪಾಲು. ಮಳೆಗಾಲಕ್ಕೆ ಮಂಡಿಯಲ್ಲೂ ಮಾಲು ಕಡಿಮೆ, ಹಮಾಲಿಯೂ ಕಡಿಮೆ ಅಂತ ನೀನೇ ಹೇಳುತ್ತೀಯ. ಅಂದರೆ ಇಲ್ಲಿ ಅಮ್ಮನ ಕೈ ಬರಿದಾಗುವಾಗಲೇ ಅಲ್ಲಿ ನಿನ್ನ ಕೈಯೂ ಬರಿದು. ಮಳೆ ಬಂತು ಅಂತ ನಿಲ್ಲದ ದುಡ್ಡು ನಿಮ್ಮ ಮನೆಗೆ ಅಮ್ಮನ ಖಾತೆಗೆ ಬರುವುದೊಂದೇ.

ಅದಿಲ್ಲದಿದ್ದಾಗ ಏನಾಗುತ್ತಿತ್ತು ಅಂತ ನಿನಗೂ ನೆನಪಿರಬೇಕು. ನಿನ್ನ ಅಪ್ಪ ಮಳೆಗಾಲಕ್ಕೆ ಕೈಸಾಲ ಮಾಡುತ್ತಿದ್ದ. ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಈಗಿನ ಮಾತಿನಲ್ಲಿ ಹೇಳುವುದಾದರೆ, ಹತ್ತು ಸಾವಿರ ತಂದು ನಾಲ್ಕು ತಿಂಗಳಿಗೆ ತೀರಿಸಿದರೆ ಬಡ್ಡಿಯೇ 2000. ಅಂದರೆ ಅಮ್ಮನ ಒಂದು ಕಂತು ಪೂರ್ತಿ ಬಡ್ಡಿಗೇ ಹೋದ ಹಾಗೆ. ಬಡ್ಡಿಗಿಂತ ಕೆಟ್ಟದ್ದು ಮುಂಗಡ. ಮಳೆಗಾಲದಲ್ಲಿ ತೋಟದವರ ಹತ್ತಿರ ಮುಂಗಡ ತಗೊಂಡವನು ಸುಗ್ಗಿಯಲ್ಲಿ ಕೂಲಿ ಎಷ್ಟು ಅಂತ ಕೇಳುವ ಹಾಗಿಲ್ಲ. ಪಕ್ಕದ ತೋಟದಲ್ಲಿ ನೂರು ರೂಪಾಯಿ ಜಾಸ್ತಿ ಕೊಟ್ಟರೂ ಅಲ್ಲಿಗೆ ಹೋಗುವ ಹಾಗಿಲ್ಲ.

ಈಗ ಕೆಲವು ತೋಟದವರು ಬಿಟ್ಟಿ ದುಡ್ಡು ಬಂದು ಹೆಂಗಸರು ಸೋಮಾರಿಗಳಾದರು ಅಂತ ಗೊಣಗುತ್ತಾರೆ. ನನಗೆ ಕಾಣುವುದೇ ಬೇರೆ. ಕೆಲಸ ಯಾರೂ ಬಿಟ್ಟಿಲ್ಲ. ದರ ಕೇಳಲು ಕಲಿತಿದ್ದಾರೆ, ಅಷ್ಟೇ. ಇನ್ನೊಂದು ಮಾತು. ನಾನೂ ತಿಂಗಳು ತಿಂಗಳು ಪಿಂಚಣಿ ಅಂತ ಸರ್ಕಾರದ ದುಡ್ಡೇ ಎಣಿಸುವವನು. ನನಗೆ ಮಾತ್ರ ಯಾರೂ ಸೋಮಾರಿ ಅನ್ನುವುದಿಲ್ಲ!

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2011ರಲ್ಲಿ ಮಧ್ಯಪ್ರದೇಶದ ಇಂದೋರ್ ಕಡೆಯ ಎಂಟು ಹಳ್ಳಿಗಳಲ್ಲಿ ಸೇವಾ ಅನ್ನುವ ಮಹಿಳಾ ಸಂಘಟನೆ, ಯುನಿಸೆಫ್ ನೆರವಿನಿಂದ ಎಲ್ಲರಿಗೂ ತಿಂಗಳು ತಿಂಗಳು ದುಡ್ಡು ಕೊಟ್ಟಿತು. ಶರತ್ತು ಏನೂ ಇಲ್ಲ. ದೊಡ್ಡವರಿಗೆ 200, ಮಕ್ಕಳ ಪಾಲು 100, ಆಮೇಲೆ ಅದನ್ನು 300 ಮತ್ತು 150 ಮಾಡಿದರು. ಮಕ್ಕಳ ಪಾಲು ತಾಯಂದಿರ ಕೈಗೆ. ಜನ ಕೆಲಸ ಬಿಟ್ಟು ಮಲಗಲಿಲ್ಲ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರಲ್ಲಿ ಹಲವರು ತಮ್ಮದೇ ತುಂಡು ಹೊಲಕ್ಕೆ ಬೀಜ, ಗೊಬ್ಬರ ಹಾಕಿ ದುಡಿದರು. ಆಡು, ಕೋಳಿ ಹೆಚ್ಚಿದವು. ಶಾಲೆಗೆ ಹೋಗುವ ಮಕ್ಕಳು ಹೆಚ್ಚಿದರು. ದುಡ್ಡೆಲ್ಲ ಹೆಂಡಕ್ಕೆ ಹೋಗುತ್ತದೆ ಅಂತ ಹೇಳಿದವರ ಮಾತು ನಿಜವಾಗಲಿಲ್ಲ. ತಿಂಗಳಿಗೆ 200 ರೂಪಾಯಿ ಏನು ಮಹಾ ಅಲ್ವಾ? ಆದರೆ ಮುಂದಿನ ತಿಂಗಳೂ ಬರುತ್ತದೆ ಅಂತ ಗೊತ್ತಿದ್ದರೆ ಮನುಷ್ಯ ಯೋಚನೆ ಮಾಡುವ ರೀತಿಯೇ ಬೇರೆ.

ದುಡ್ಡಾಗಿ ಕೊಡುವುದರಲ್ಲಿ ಇನ್ನೊಂದು ಅನುಕೂಲ ಇದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅನ್ನುವ ಶಕ್ತಿ ಯೋಜನೆ ಬಂದಾಗ ಊರೂರಲ್ಲಿ ಹೆಂಗಸರು ಖುಷಿಪಟ್ಟರು. ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ನಿನ್ನ ಹೆಂಡತಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಟಿಕೆಟ್ ತಗೊಂಡೇ. ಆ ಟಿಕೆಟ್ಟಿನ ದುಡ್ಡು ಅಮ್ಮನ ಡಬ್ಬಿಯಿಂದಲೇ ಬರುತ್ತದೆ. ಬಸ್ಸೋ, ಮಾತ್ರೆಯೋ, ಗ್ಯಾಸ್ ಸಿಲಿಂಡರೋ, ಆ ತಿಂಗಳು ಯಾವುದು ಗಂಟಲಿಗೆ ಬಂದಿದೆಯೋ ಅದಕ್ಕೆ. ಅಮ್ಮ ಈಗ ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ, ಗಮನಿಸಿದ್ದೀಯಾ? ಮೊದಲು ನಿನ್ನನ್ನು ಕೇಳಬೇಕಲ್ಲ ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದಳು. ಅವಳಾಗಿ ಬಾಯಿ ಬಿಟ್ಟು ಇದನ್ನು ಹೇಳುವವಳಲ್ಲ. ನಿನ್ನ ದೊಡ್ಡಮ್ಮನ ಹತ್ತಿರ ಹೇಳಿದ್ದಳಂತೆ.

ಹಾಗಾಗಿ ನೀನು ಎರಡೂವರೆ ಸಾವಿರ ಕಡಿತ ಮಾಡಿದರೆ ಮೊತ್ತ ಅಷ್ಟೇ ಇರುತ್ತದೆ, ಮನೆ ಮಾತ್ರ ಅಷ್ಟೇ ಇರುವುದಿಲ್ಲ. ಸರ್ಕಾರ ಮನೆಗೆ ಕೊಟ್ಟದ್ದನ್ನು ಸುತ್ತಿ ಬಳಸಿ ಶೋರೂಮಿಗೆ ದಾಟಿಸಿದ ಹಾಗೆ ಆಗುತ್ತದೆ.

ಇನ್ನು ಕಂತಿನ ವಿಷಯ. ಎರಡೂವರೆ ಸಾವಿರದಂತೆ ಮೂವತ್ತಾರು ಕಂತು ಅಂದೆಯಲ್ಲ, ಅದು ತೊಂಬತ್ತು ಸಾವಿರ. ಮೂರು ವರ್ಷ ಅದು ಒಂದು ದಿನವೂ ತಡ ಆಗುವ ಹಾಗಿಲ್ಲ. ಸರ್ಕಾರದ ದುಡ್ಡಿಗೆ ಅಂಥ ನಿಯತ್ತು ಇಲ್ಲ. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾದ ಮೇಲೆ ಎಷ್ಟು ಸಲ ಕಂತು ತಡವಾಗಿದೆ, ಎರಡು ತಿಂಗಳದ್ದು ಒಟ್ಟಿಗೆ ಬಂದಿದೆ ಅಂತ ಅಮ್ಮನನ್ನೇ ಕೇಳು. ಅನ್ನಭಾಗ್ಯದ ಅಕ್ಕಿಯ ಬದಲು ತಲೆಗೆ 170 ಬರುತ್ತಿತ್ತಲ್ಲ, ನಿಮ್ಮ ಮನೆಯ ಐದು ಜನಕ್ಕೆ 850. 2025ರಲ್ಲಿ ಅಕ್ಕಿಯನ್ನೇ ಕೊಡಲು ಶುರು ಮಾಡಿ ದುಡ್ಡು ನಿಲ್ಲಿಸಿದರು. ಅಕ್ಕಿ ಬಂದದ್ದು ಒಳ್ಳೆಯದೇ. ಆದರೆ ಆ 850ನ್ನು ನಂಬಿ ಕಂತು ಹಾಕಿಸಿಕೊಂಡವರು ಅಕ್ಕಿ ಅಳೆದು ಕಂತು ಕಟ್ಟಲು ಆಗುತ್ತದಾ? ಯೋಜನೆ ಇವತ್ತು ಇದೆ, ನಾಳೆ ರೂಪ ಬದಲಾಗಬಹುದು. ಅದರಿಂದ ಉಪ್ಪು, ಮಾತ್ರೆ ತರಬಹುದು. ಮೂರು ವರ್ಷದ ಸಾಲಕ್ಕೆ ಅದನ್ನು ಕಟ್ಟಿಹಾಕಬಾರದು. ತಡವಾಗುವುದರ ಬಗ್ಗೆ ನನಗೆ ಸಿಟ್ಟೇ ಇದೆ. ತಡವಾದ ತಿಂಗಳು ಕೈಸಾಲ, ಒಟ್ಟಿಗೆ ಬಂದಾಗ ಲಾಟರಿ ಹೊಡೆದ ಹಾಗೆ ಸೀರೆ, ಮಿಕ್ಸಿ. ಸಂಬಳದವರಿಗಾದರೆ ಹೀಗೆ ಮಾಡುತ್ತಾರಾ?

ಈಗ ನೀನು ಊರಿಗೆ ಬಂದಾಗ ಮಾಡಬೇಕಾದ ಕೆಲಸ. ಅಮ್ಮನ ಹೆಸರಿನಲ್ಲಿ ಎರಡು ಖಾತೆ ಇವೆ. ಸರ್ಕಾರದ ದುಡ್ಡು ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆ ಆಗಿದೆಯೋ ಅಲ್ಲಿಗೆ ಬೀಳುತ್ತದೆ. ನಮ್ಮ ಕೇರಿಯ ಒಬ್ಬಳು ಸಂಘದ ಸಾಲಕ್ಕೆ ಅಂತ ಹೊಸ ಖಾತೆ ಮಾಡಿಸಿದಳು. ಹಳೇ ಪಾಸ್‌ಬುಕ್ ಹಿಡಿದುಕೊಂಡು ತಿಂಗಳುಗಟ್ಟಲೆ ದುಡ್ಡು ನಿಂತುಹೋಯಿತು ಅಂತ ಅತ್ತಳು. ಅದೆಲ್ಲ ಹೊಸ ಖಾತೆಯಲ್ಲಿ ಸುಮ್ನೆ ಕೂತಿತ್ತು. ಡಿಬಿಟಿ ಕರ್ನಾಟಕ ಅಂತ ಆ್ಯಪ್ ಇದೆ, ನಿನ್ನ ಹೆಂಡತಿಯ ಫೋನಿಗೆ ಹಾಕಿಕೊಡು. ಯಾವ ದುಡ್ಡು ಯಾವ ಬ್ಯಾಂಕಿಗೆ ಬಂತು ಅಂತ ಅದರಲ್ಲಿ ಕಾಣುತ್ತದೆ. ತೊಡಕು ಇದ್ದರೆ ಅಂಗನವಾಡಿ ಟೀಚರನ್ನು ಕೇಳಿದರೆ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ಕಂತು ಬಿಡುಗಡೆ ಮಾಡುತ್ತೇವೆ, ಓಟಿಪಿ ಹೇಳಿ ಅಂತ ಫೋನ್ ಬಂದರೆ ಏನೂ ಮಾತಾಡದೆ ಇಟ್ಟುಬಿಡಲು ಹೇಳು. ಪೋಸ್ಟಾಫೀಸಿನವರ ಮಷಿನ್ನಿನಲ್ಲಿ ಅಮ್ಮನ ಹೆಬ್ಬೆಟ್ಟು ಕೆಲವು ಸಲ ಹಿಡಿಯುವುದಿಲ್ಲ. ಅಡಿಕೆ ಸುಲಿದು ಸುಲಿದು ರೇಖೆಯೇ ಸವೆದಿದೆ, ಮೇಲೆ ಅಡಿಕೆ ಚೊಗರಿನ ಕಲೆ ಬೇರೆ. ಬೇರೆ ಬೆರಳು ಇಟ್ಟು ನೋಡಲು ಹೇಳು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿದರೆ ಇನ್ನೂ ಒಳ್ಳೆಯದು. ಜೋರು ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಅದಕ್ಕೆ ಆ ತಿಂಗಳ ಖರ್ಚಿನ ದುಡ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಲಿ.

ಅತ್ತೆಯ ಹೆಸರಿಗೆ ಬರುತ್ತದೆ, ತನಗಿಲ್ಲ ಅಂತ ನಿನ್ನ ಹೆಂಡತಿಗೆ ಬೇಸರ ಇರುವುದು ನನಗೆ ಗೊತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವುದು ಅಮ್ಮನ ಹೆಸರು, ಏನು ಮಾಡುವುದು. ಅದಕ್ಕೋಸ್ಕರ ಕಾರ್ಡು ಒಡೆಯುವ ಮಾತು ಎತ್ತಬೇಡ. ಬದಲಿಗೆ ನೀನು ಕಳಿಸುವ ದುಡ್ಡನ್ನು ಅವಳ ಖಾತೆಗೆ ಹಾಕು, ಅಣ್ಣನ ಖಾತೆಗೆ ಹಾಕಿ ಅವನಿಂದ ಇಸಿದುಕೊಳ್ಳುವ ಪದ್ಧತಿ ಬಿಡು. ಅಮ್ಮನಿಗೆ ಅಮ್ಮನದು, ಅವಳಿಗೆ ಅವಳದು.

ಮತ್ತೆ ಒಂದು ದಿನ ಗೊತ್ತು ಮಾಡಿಕೋ. ಈಗ ನೀನು ಕಳಿಸುವುದು ಕೈಯಲ್ಲಿ ಇದ್ದಾಗ, ನೆನಪಾದಾಗ. ಹೋದ ತಿಂಗಳು ನಾಲ್ಕು ಸಾವಿರ ಒಮ್ಮೆಲೇ, ಅದಕ್ಕಿಂತ ಹಿಂದೆ ಮೂರು ವಾರ ಏನೂ ಇಲ್ಲ. ವಾರಕ್ಕೆ ಒಂದು ಸಾವಿರ, ಸಂತೆಯ ಹಿಂದಿನ ದಿನ ಸಂಜೆ ಅವಳ ಖಾತೆಗೆ ಬಂದು ಬೀಳಲಿ. ಮಂಡಿಯಲ್ಲಿ ಕೆಲಸ ಜೋರಿರುವ ತಿಂಗಳುಗಳಲ್ಲಿ ಸ್ವಲ್ಪ ತೆಗೆದಿಟ್ಟರೆ ಮಳೆಗಾಲದಲ್ಲೂ ವಾರ ತಪ್ಪಿಸದೆ ಕಳಿಸಬಹುದು. ಪೋಸ್ಟಾಫೀಸಿನ ಆರ್.ಡಿ. ತಿಂಗಳಿಗೆ 100ರಿಂದ ಶುರು ಮಾಡಬಹುದು, ಆದರೆ ಅದು ಐದು ವರ್ಷದ್ದು, ಮಳೆಗಾಲಕ್ಕೆ ಒದಗುವುದಿಲ್ಲ. ಇದಕ್ಕೆ ಎಸ್‌ಬಿ ಖಾತೆಯೇ ಸಾಕು. ಎಟಿಎಂ ಕಾರ್ಡು ಮಾತ್ರ ಜೇಬಿನಲ್ಲಿ ಇಟ್ಟುಕೊಳ್ಳಬೇಡ, ನಿನ್ನ ಕೈ ನನಗೆ ಗೊತ್ತು.

ನೀನು ಮೂಟೆ ಹೊರುವವನು. ವರ್ಷಕ್ಕೆ 20 ರೂಪಾಯಿಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಇದೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ. ಮಾಡಿಸಿದ್ದೀಯಾ ಇಲ್ಲವಾ ಅಂತ ಫೋನ್ ಮಾಡಿದಾಗ ಹೇಳು. ಇಲ್ಲದಿದ್ದರೆ ನಾಳೆಯೇ ಫಾರಂ ತುಂಬು.

ಬೈಕ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಶನಿವಾರ ರಾತ್ರಿ ಕೊನೇ ಬಸ್ಸು ತಪ್ಪಿದರೆ ಮನೆಗೆ ಬರಲು ಆಗುವುದಿಲ್ಲ, ಮಗಳು ಕಾಯುತ್ತಾಳೆ, ಅದೆಲ್ಲ ನನಗೂ ಅರ್ಥ ಆಗುತ್ತದೆ. ಸುಗ್ಗಿ ಮುಗಿಯುವವರೆಗೆ ತಡಿ. ಆಗ ಕೈಯಲ್ಲಿ ಎಷ್ಟಿದೆ ನೋಡಿಕೊಂಡು ಹಳೇ ಬೈಕ್ ಒಂದನ್ನು ಹುಡುಕೋಣ, ಸ್ವಲ್ಪ ಕಡಿಮೆ ಬಿದ್ದರೆ ನಾನು ಹಾಕುತ್ತೇನೆ, ಬಡ್ಡಿ ಇಲ್ಲ. ಜುಲೈ ಮೊದಲ ವಾರ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಬರುವವನಿದ್ದೇನೆ. ಶೋರೂಮಿನವರು ಬರೆದುಕೊಟ್ಟ ಚೀಟಿ ಎಸೆಯಬೇಡ, ಅದರಲ್ಲಿ ಬಡ್ಡಿ ಎಷ್ಟು ಸೇರಿಸಿದ್ದಾರೆ ಅಂತ ಇಬ್ಬರೂ ಕೂತು ನೋಡೋಣ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡ.

ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತಾಳಂತೆ. ಬಾಟಲಿ ವಾಪಸ್ ತರಬೇಕು ಅಂತ ಬರೆಯಲು ಹೇಳಿದ್ದಾಳೆ.

ಇಂತಿ ನಿನ್ನ
ದೊಡ್ಡಪ್ಪ