ಟೆಲ್ಲರ್ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಾರಾಯಾ,

ಹೋದ ವಾರ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. '28 ವರ್ಷ ಕೌಂಟರಿನಲ್ಲಿ ಕೂತು ನೋಟು ಎಣಿಸಿದೆ. ಯಾರಿಗೂ ಏನೂ ಹೇಳಲಿಲ್ಲ. ಆದರೂ ಬ್ಯಾಂಕಿನವರು ನನ್ನನ್ನು ಟೆಲ್ಲರ್ ಅಂತ ಯಾಕೆ ಕರೆದರು? ಟೆಲ್ ಅಂದರೆ ಹೇಳು ಅಲ್ವಾ?' ನಾನು ನಕ್ಕು ಮಾತು ಮರೆಸಿದೆ. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವನು, ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಫೋನಿಟ್ಟ ಮೇಲೆ ದಪ್ಪ ಡಿಕ್ಷನರಿ ಹಿಡಿದು ಕೂತೆ.

ನಿನ್ನ ಹುದ್ದೆಯ ಹೆಸರು ಸರಿಯಾಗಿಯೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಟೆಲ್ಲಾನ್'. ಅದಕ್ಕೆ ಎಣಿಸು, ಲೆಕ್ಕ ಹಾಕು ಅನ್ನುವ ಅರ್ಥವೂ ಇತ್ತು, ಹೇಳು ಅನ್ನುವ ಅರ್ಥವೂ ಇತ್ತು. ಆಮೇಲೆ ಫ್ರೆಂಚಿನಿಂದ 'ಕೌಂಟ್' ಬಂತು. ಎಣಿಸುವ ಕೆಲಸವನ್ನು ಅದು ವಹಿಸಿಕೊಂಡಿತು, ಟೆಲ್‌ಗೆ ಹೇಳುವುದಷ್ಟೇ ಉಳಿಯಿತು. ಆದರೆ ಹಳೇ ಅರ್ಥ ಅಲ್ಲಲ್ಲಿ ಮೂಲೆಯಲ್ಲಿ ಉಳಿದುಕೊಂಡಿದೆ. ಒಂದು ನಿನ್ನ ಕೌಂಟರು. ಇನ್ನೊಂದು ಏಟಿಎಂನ ನಡುವಿನ ಟಿ, ಅದೂ ಟೆಲ್ಲರೇ. ಲಂಡನ್ನಿನ ಹೌಸ್ ಆಫ್ ಕಾಮನ್ಸಿನಲ್ಲಿ ಮತ ಹಾಕುವಾಗ ಸದಸ್ಯರು ಎರಡು ಪಡಸಾಲೆಗಳಲ್ಲಿ ನಡೆದು ಹೋಗುತ್ತಾರೆ. ಪರ, ವಿರೋಧ ಎರಡೂ ಕಡೆಯಿಂದ ಇಬ್ಬಿಬ್ಬರು ನಿಂತು ತಲೆ ಎಣಿಸುತ್ತಾರೆ. ಅವರೂ ಟೆಲ್ಲರ್‌ಗಳು. 'ಅನ್‌ಟೋಲ್ಡ್ ವೆಲ್ತ್' ಅನ್ನುವುದನ್ನು ಹೇಳಲಾರದಷ್ಟು ಸಂಪತ್ತು ಅಂತ ಮಕ್ಕಳಿಗೆ ವರ್ಷಗಟ್ಟಲೆ ಬರೆಸಿದ್ದೇನೆ. ಎಣಿಸಲಾರದಷ್ಟು ಅನ್ನಬೇಕಿತ್ತು. ಆ ಮಕ್ಕಳೆಲ್ಲ ಈಗ ಎಲ್ಲಿದ್ದಾರೋ, ಕ್ಷಮಿಸಲಿ.

1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ದೇವರು ಅಬ್ರಾಮನನ್ನು ಹೊರಗೆ ಕರೆದು ಆಕಾಶ ತೋರಿಸಿ 'ಟೆಲ್ ದ ಸ್ಟಾರ್ಸ್' ಅನ್ನುತ್ತಾನೆ. ನಕ್ಷತ್ರಗಳಿಗೆ ಏನನ್ನೋ ಹೇಳು ಅಂತಲ್ಲ, ಎಣಿಸು ಅಂತ. ಅದೇ ಪುಸ್ತಕದಲ್ಲಿ ಫರೋಹ ಹುಲ್ಲು ಕೊಡದೆ, ಮೊದಲಿನಷ್ಟೇ ಇಟ್ಟಿಗೆ ಮಾಡಿ ಅಂತ ಇಸ್ರಾಯೇಲರನ್ನು ಗೋಳು ಹೊಯ್ದುಕೊಳ್ಳುತ್ತಾನಲ್ಲ, ಅಲ್ಲಿ ಇಟ್ಟಿಗೆಯ ಲೆಕ್ಕಕ್ಕೆ 'ಟೇಲ್' ಅಂತಿದೆ. ಹೌದು, ಕಥೆ ಅನ್ನುವ ಟೇಲ್ ಪದವೇ. 'ಟಾಕ್' ಕೂಡ ಇದೇ ಮನೆಯ ಕೂಸು. ಹೆದ್ದಾರಿಯಲ್ಲಿ ನೀನು ಬೈದುಕೊಂಡು ಕಟ್ಟುವ ಟೋಲ್ ಮಾತ್ರ ಈ ನೆಂಟಸ್ತಿಕೆಗೆ ಸೇರಿದ್ದಲ್ಲ. ಟೆಲಿಫೋನಿನ ಟೆಲಿ ಕೂಡ ಅಲ್ಲ, ಅದು ಗ್ರೀಕಿನ 'ದೂರ'.

ಜರ್ಮನ್ನರಲ್ಲಿ ಈ ಜೋಡಿ ಇನ್ನೂ ಮುರಿದಿಲ್ಲ. 'ತ್ಸೇಲೆನ್' ಅಂದರೆ ಎಣಿಸು, ಅದರ ಮುಂದೆ 'ಎರ್' ಸೇರಿಸಿದರೆ ಕಥೆ ಹೇಳು. ಡಚ್ಚರಿಗೆ 'ಟೆಲೆನ್' ಎಣಿಸುವುದು, 'ಫರ್‌ಟೆಲೆನ್' ಕಥೆ ಹೇಳುವುದು. ಸ್ಪೇನಿನವರಿಗೆ ಎರಡಕ್ಕೂ ಒಂದೇ ಪದ, 'ಕೊಂತಾರ್'. ಅದು ಬೇರೆ ಮನೆಯದು, ಲ್ಯಾಟಿನ್ನಿನದು. ನಿನ್ನ ಕೌಂಟರ್, ಅಕೌಂಟ್, ಕಂಪ್ಯೂಟರ್ ಮೂರೂ ಹುಟ್ಟಿದ್ದು ಆ ಮನೆಯಲ್ಲೇ.

ದೂರ ಯಾಕೆ ಹೋಗಬೇಕು? ನಾವು ದಿನಾ ಬಳಸುವ 'ಸಂಖ್ಯೆ'ಯನ್ನೇ ನೋಡು. ಅದರೊಳಗಿನ 'ಖ್ಯಾ' ಅನ್ನುವ ಸಂಸ್ಕೃತ ಧಾತುವಿಗೆ ಹೇಳು, ತಿಳಿಸು ಅಂತ ಅರ್ಥ. ಆಖ್ಯಾನ, ವ್ಯಾಖ್ಯಾನ, ಖ್ಯಾತಿ ಎಲ್ಲ ಅದರಿಂದಲೇ. ಕಥೆಯೂ ಲೆಕ್ಕವೂ ಒಂದೇ ಬೇರಿನಲ್ಲಿ. ಇದು ಕಂಡಾಗ ರಾತ್ರಿ ಹನ್ನೊಂದಾಗಿತ್ತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. 'ಬೆಳಿಗ್ಗೆ ಹೇಳಬಹುದಿತ್ತಲ್ಲ' ಅಂದಳು.

ನನ್ನ ಅಜ್ಜ ಕಣದಲ್ಲಿ ರಾಗಿ ಅಳೆಯುವುದು ಆಗ ನೆನಪಾಯಿತು. ಕೊಳಗ ಮೊದಲ ಸಲ ತುಂಬಿದಾಗ ಒಂದು ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಆಮೇಲೆ ಎರಡು, ಮೂರು, ಅದೂ ಎಲ್ಲರ ಕಿವಿಗೆ ಬೀಳುವ ಹಾಗೆ. ಮನಸ್ಸಿನಲ್ಲೇ ಎಣಿಸಿದರೆ ಯಾರು ನಂಬುತ್ತಾರೆ? ಆ ಕಣದಲ್ಲಿ ಎಣಿಸುವುದು ಅಂದರೆ ಹೇಳುವುದೇ. ಒಂದಾದ ಮೇಲೊಂದು, ಬಿಟ್ಟುಹೋಗದ ಹಾಗೆ. ಕಥೆ ಹೇಳುವವನೂ ಅದನ್ನೇ ಅಲ್ವಾ ಮಾಡುವುದು?

ಇಷ್ಟೆಲ್ಲ ಬರೆದದ್ದು ಬೇರೊಂದು ಕಾರಣಕ್ಕೆ. ಹಾಸ್ಟೆಲಿಗೆ ಬಂದ ಮೊದಲ ವಾರ ನೆನಪಿದೆಯಾ? ಮೆಸ್ಸಿಗೆ ತಡವಾಗಿ ಬಂದು 'ನೀವೆಲ್ಲ ಉಂಡಿರ್ತೀರಿ ಅಂತ ಎಣಿಸಿದೆ' ಅಂದೆ. ನಾವು ಬಯಲುಸೀಮೆಯವರು ಬಿಡಲಿಲ್ಲ. 'ಎಣಿಸಿದೆಯಾ? ಎಷ್ಟಾಯ್ತು?' ಅಂತ ಮೂರು ವರ್ಷ ಕಾಡಿದೆವು. ನಿಮ್ಮ ಕುಂದಾಪುರದ ಕಡೆ ಎಣಿಸುವುದು ಅಂದರೆ ಅಂದುಕೊಳ್ಳುವುದೂ ಹೌದು ಅಂತ ನಮಗೆ ಗೊತ್ತಿರಲಿಲ್ಲ. ಆ ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ನಕ್ಕವನು ನಾನೇ. ನೀನು ಬರಬರುತ್ತಾ ಆ ಪದ ಬಿಟ್ಟೆ, ನಮ್ಮ ಹಾಗೆ 'ಅಂದ್ಕೊಂಡೆ' ಅನ್ನಲು ಶುರು ಮಾಡಿದೆ. ಅದನ್ನೂ ನೋಡಿದ್ದೆ, ಏನೂ ಅನ್ನಲಿಲ್ಲ.

ಕೇಳು ಈಗ. ಹಳೆಯ ಇಂಗ್ಲಿಷಿನ 'ಟೆಲ್ಲಾನ್'ಗೆ ಮೂರನೇ ಅರ್ಥವೂ ಇತ್ತು: ಭಾವಿಸು, ಅಂದುಕೊ. ಸಾವಿರ ವರ್ಷದ ಹಿಂದಿನ ಹಸ್ತಪ್ರತಿಯಲ್ಲಿ ಉಳಿದಿರುವ 'ಬಿಯೊವುಲ್ಫ್' ಕಾವ್ಯದಲ್ಲಿ ಡೇನರ ಮುದಿ ದೊರೆ ಹ್ರೋತ್‌ಗಾರ್, 50 ವರ್ಷ ಆಳಿದ ಮೇಲೆ ಈ ಆಕಾಶದಡಿ ನನಗೆ ಎದುರಾಳಿಯೇ ಇಲ್ಲ ಅಂದುಕೊಂಡಿದ್ದೆ ಅನ್ನುತ್ತಾನೆ. ಅಲ್ಲಿರುವ ಪದ ಈ ಟೆಲ್ಲಾನ್‌ನದೇ ರೂಪ. ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದರೆ ಒಂದು ಪದ ಕೈಬಿಟ್ಟು ಹೋಗುತ್ತದೆ. ನಿಮ್ಮ ಕಡೆಯದಕ್ಕೆ ತಂದರೆ ಏನೂ ಹೋಗುವುದಿಲ್ಲ: 'ಎದುರಾಳಿ ಇಲ್ಲ ಅಂತ ಎಣಿಸಿದ್ದೆ.'

ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ನಿಮ್ಮೂರಿಗೆ ಬರಬೇಕು ಅಂತ ಎಣಿಸಿದ್ದೇನೆ. ಮನೆಯಲ್ಲಿ ಇರ್ತೀಯಲ್ಲ?

ನಿನ್ನ,
ಮೆಸ್ಸಿನಲ್ಲಿ ನಕ್ಕವನು