ಆಡದ ಟೆಸ್ಟ್ ಆಡಿಸಿದ ಮುಖಂಡರು

ಮಾನ್ಯರೇ,

ನಮ್ಮ ತಾಲ್ಲೂಕು ಕ್ರೀಡಾಂಗಣದಲ್ಲಿ ನಡೆದ 2025ರ ಮಹಿಳಾ ಕ್ರಿಕೆಟ್ ವಿಶ್ವಕಪ್ ವಿಜಯೋತ್ಸವದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮಹಿಳಾ ತಂಡದ ಕೋಚ್ ಅಮೋಲ್ ಮಜುಂದಾರ್ ‘ಭಾರತದ ಮಾಜಿ ಟೆಸ್ಟ್ ಆಟಗಾರ’ ಎಂದು ಮುಖಂಡರು ಸಾರಿದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಧ್ವನಿವರ್ಧಕವನ್ನು ನಮ್ಮ ಕಿಟಕಿಗೇ ತಿರುಗಿಸಿಟ್ಟಿದ್ದರಿಂದ ಬೇರೆ ದಾರಿ ಇರಲಿಲ್ಲ. ಆದರೆ ನಿಮ್ಮ ವರದಿಗಾರರೂ ಅದನ್ನು ಹಾಗೆಯೇ ಬರೆದುಕೊಂಡು ಹೋಗುವುದೇ?

ಮಜುಂದಾರ್ ಭಾರತದ ಪರ ಟೆಸ್ಟ್ ಇರಲಿ, ಒಂದು ಏಕದಿನ ಪಂದ್ಯವನ್ನೂ ಆಡಿದವರಲ್ಲ. 1988ರಲ್ಲಿ ಶಾಲಾ ಪಂದ್ಯವೊಂದರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಕೂಡಿಸುತ್ತಿದ್ದಾಗ ಪ್ಯಾಡ್ ಕಟ್ಟಿಕೊಂಡು ಮುಂದಿನ ಸರದಿಗೆ ಕಾದಿದ್ದ ಹುಡುಗ ಇವರೇ. ರಣಜಿ ಪದಾರ್ಪಣೆಯಲ್ಲೇ ಹರಿಯಾಣದ ವಿರುದ್ಧ 260 ಹೊಡೆದರು. ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಬೇರೂರಿದ್ದ ಆ ಕಾಲದಲ್ಲಿ ಆಯ್ಕೆಗಾರರ ಕಣ್ಣಿಗೆ ಮಾತ್ರ ಬೀಳಲಿಲ್ಲ. 2006–07ರಲ್ಲಿ ಮುಂಬೈಗೆ ರಣಜಿ ಗೆದ್ದುಕೊಟ್ಟ ನಾಯಕ ಆಮೇಲೆ ಅಸ್ಸಾಂ, ಆಂಧ್ರ ತಂಡಗಳಿಗೂ ಆಡಿದರು. 171 ಪ್ರಥಮ ದರ್ಜೆ ಪಂದ್ಯ, 11,167 ರನ್, 30 ಶತಕ. ದೇಶಕ್ಕೆ ಆಡಿದವರಿಗೆ ಸಿಗುವ ಭಾರತದ ಕ್ಯಾಪ್ ಮಾತ್ರ ಸೊನ್ನೆ. ಅಂಥವರು 2023ರ ಅಕ್ಟೋಬರ್‌ನಲ್ಲಿ ಮಹಿಳಾ ತಂಡದ ಹೊಣೆ ಹೊತ್ತು, ಈ ವಿಶ್ವಕಪ್‌ನ ಲೀಗ್‌ನಲ್ಲಿ ಸತತ ಮೂರು ಪಂದ್ಯ ಸೋತ ತಂಡವನ್ನು ಎತ್ತಿ ನಿಲ್ಲಿಸಿ, ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಎದುರು 339ರ ಗುರಿ ಮುಟ್ಟಿದ್ದನ್ನು ಕಂಡರು. ಫೈನಲ್ ಗೆದ್ದ ಮೇಲೆ ನಾಯಕಿ ಹರ್ಮನ್‌ಪ್ರೀತ್ ಕೋಚ್ ಮಜುಂದಾರ್ ಕಾಲಿಗೆರಗಿದ್ದು ಸುಮ್ಮನೆಯೇ? ಅವರಿಗೆ ಸಿಗದ ಟೆಸ್ಟ್ ಕ್ಯಾಪನ್ನು ಮುಖಂಡರು ಒಂದೇ ಭಾಷಣದಲ್ಲಿ ಕೊಡಿಸಿಬಿಟ್ಟರು. ಬಿಸಿಸಿಐಗೆ ಇಂಥ ಧಾರಾಳತನ ಯಾವತ್ತೂ ಇರಲಿಲ್ಲ ಬಿಡಿ.

ಇನ್ನು ಫ್ಲೆಕ್ಸ್. ಅದರಲ್ಲಿ ನಮ್ಮ ವಾರ್ಡಿನ ಸದಸ್ಯರಿದ್ದರು, ಅವರ ಸಹೋದರರಿದ್ದರು, ‘ಯುವ ನಾಯಕ’ರಾದ ಸುಪುತ್ರರೂ ಇದ್ದರು. ಕಪ್ ಗೆದ್ದವರು ಅಂಚೆಚೀಟಿಯಷ್ಟು ಅಗಲದಲ್ಲಿ ಕೆಳಮೂಲೆ ಸೇರಿದ್ದರು. ಕೋಚ್ ಎಲ್ಲಿಯೂ ಇಲ್ಲ. ನಮ್ಮೂರ ಹುಡುಗಿಯರಿಗೆ ಆಟ ಕಲಿಸುವ ಕೋಚ್‌ಗೂ ಕುರ್ಚಿ ಇರಲಿಲ್ಲ. ಗುತ್ತಿಗೆ ನೌಕರ, ಗೌರವಧನ ಯಾವಾಗ ಬರುತ್ತದೋ ಆ ದೇವರಿಗೇ ಗೊತ್ತು. ಟೆಸ್ಟ್ ವಿಷಯ ತಪ್ಪೆಂದು ಅವರು ಚೀಟಿ ಬರೆದು ಕಳುಹಿಸಿದರೆ ನಿರೂಪಕರು ಅದನ್ನು ಮಡಿಸಿ ಜೇಬಿಗೆ ಸೇರಿಸಿದರು.

ಶಾಮಿಯಾನದ ಗೂಟಗಳನ್ನು ನೆಡಲು ಇಡೀ ಮೈದಾನದಲ್ಲಿ ಇವರಿಗೆ ಸಿಕ್ಕಿದ್ದು ಪಿಚ್ ಒಂದೇ! ಈಗ ಅಲ್ಲಿ ಗುಂಡಿಗಳಿವೆ. ನನ್ನ ಮೊಮ್ಮಗಳ ಅಭ್ಯಾಸ ರಸ್ತೆಗೆ ಬಂದಿದೆ, ಚೆಂಡು ಎದುರು ಮನೆಯವರ ಕಾರಿಗೆ ಬಡಿದು ಅವರೊಂದಿಗೆ ಮಾತೂ ನಿಂತಿದೆ. ಅಂದು ಗೇಟಿಗೆ ಅಡ್ಡಲಾಗಿ ಜನರೇಟರ್ ವ್ಯಾನ್ ನಿಲ್ಲಿಸಿದ್ದರಿಂದ ಸ್ಕೂಟರ್ ತೆಗೆಯಲಾಗದೆ ನನ್ನ ರಕ್ತದೊತ್ತಡದ ಮಾತ್ರೆ ತಪ್ಪಿತು. ಭಾಷಣ ಕೇಳಿ ಒತ್ತಡ ಏರಿದ್ದು ಬೇರೆ.

ಹೇಳಿದರೆ ಕೇಳುವವರು ಯಾರು? ಕ್ರೀಡಾಂಗಣದ ಶೌಚಾಲಯಕ್ಕೆ ಬೀಗ ಬಿದ್ದು ವರ್ಷಗಳಾದವು. ಕೀಲಿ ಕೇಳಿದರೆ ಕ್ರೀಡಾ ಇಲಾಖೆ ಪುರಸಭೆಯ ಕಡೆ ಕೈ ತೋರಿಸುತ್ತದೆ, ಪುರಸಭೆ ಇಲಾಖೆಯ ಕಡೆ. ಹಿಂದಿನ ಅಧಿಕಾರಿ ಫೋನಾದರೂ ಎತ್ತುತ್ತಿದ್ದರು, ಈಗಿನವರಿಗೆ ಸದಾ ಸಭೆ. ಕೊಳವೆಬಾವಿಯ ಮೋಟಾರ್ ದುರಸ್ತಿಗೆಂದು ಹೋದದ್ದು ದುರಸ್ತಿಯಲ್ಲೇ ಇದೆ. ವಿಜಯೋತ್ಸವದ ಪಟಾಕಿಗೆ ಮಾತ್ರ ಅನುದಾನದ ಕೊರತೆ ಕಾಣಲಿಲ್ಲ.

ಆದ್ದರಿಂದ ಗುಂಡಿಗಳನ್ನು ಕೂಡಲೇ ಮುಚ್ಚಿಸಬೇಕು. ಅದಕ್ಕೂ ಮೊದಲು ನೀವು ತಿದ್ದುಪಡಿ ಪ್ರಕಟಿಸಬೇಕು. ಶೌಚಾಲಯದ ಬೀಗವನ್ನೂ ಯಾರಾದರೂ ತೆಗೆಸಲಿ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು, ಅದು ಸಾಧ್ಯವಿಲ್ಲವಾದರೆ ಮೈಕನ್ನಾದರೂ ಕೆಳಗಿಡಬೇಕು.

– ನೊಂದ ನಿವಾಸಿ, ಕ್ರೀಡಾಂಗಣದ ಹಿಂಭಾಗದ ರಸ್ತೆ