ಸಿಲೂರರ ಹೋರಾಟ ಬಿಟ್ಟುಹೋಗದಿರಲಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ವೇಲ್ಸ್ ಪ್ರವಾಸ ಕಥನ ಓದಿದೆ. ಕೇರ್ಲಿಯನ್‌ನ ರೋಮನ್ ಆಂಫಿಥಿಯೇಟರ್, ಸ್ನಾನಗೃಹ, ಸೈನಿಕರ ವಸತಿಸಾಲು ಎಲ್ಲದರ ವರ್ಣನೆ ಚೆನ್ನಾಗಿದೆ. ಆದರೆ ಸುಮಾರು 5,000 ಸೈನಿಕರ ಲೀಜನ್ ಒಂದನ್ನು ಆ ಹೊಳೆದಂಡೆಗೆ ಯಾಕೆ ತಂದು ಕೂರಿಸಬೇಕಾಯಿತು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಪಕ್ಕದ ನ್ಯೂಪೋರ್ಟ್‌ನಲ್ಲಿ ನರ್ಸ್ ಆಗಿರುವ ನಾನು ರಜೆ ಸಿಕ್ಕಾಗೆಲ್ಲ ಓಡಾಡುವ ಜಾಗ ಅದು. ಮನಸ್ಸಿಗೆ ಬೇಸರವಾಗಿ ಬರೆಯುತ್ತಿದ್ದೇನೆ.

ಈ ನೆಲ ಸಿಲೂರರೆಂಬ ಕೆಲ್ಟಿಕ್ ಬುಡಕಟ್ಟಿನದು. ಪೂರ್ವದಿಂದ ಬಂದ ಬ್ರಿಟನ್ನಿನ ಇನ್ನೊಂದು ಬುಡಕಟ್ಟಿನ ನಾಯಕ ಕ್ಯಾರಟಕಸ್‌ನ ಜೊತೆ ನಿಂತು ಅವರು ರೋಮನ್ನರನ್ನು ಎದುರಿಸಿದರು. ಕ್ರಿ.ಶ. 51ರಲ್ಲಿ ಅವನು ಸೋತ. ಆಶ್ರಯ ಕೇಳಿಕೊಂಡು ಹೋದವನನ್ನು ಬ್ರಿಗಾಂಟೆಸ್ ಎಂಬ ಉತ್ತರದ ಬುಡಕಟ್ಟಿನ ರಾಣಿ ಕಾರ್ಟಿಮಾಂಡುವಾ ರೋಮನ್ನರ ಕೈಗೆ ಒಪ್ಪಿಸಿದಳು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಸಿಲೂರರ ನಿಜವಾದ ಕೆಚ್ಚು ಕಾಣುವುದು ನಾಯಕ ಸೆರೆಯಾದ ಮೇಲೆ. ತಮ್ಮ ನಾಡಿನಲ್ಲಿ ಠಾಣೆ ಕಟ್ಟುತ್ತಿದ್ದ ಪಡೆಯನ್ನು ಮುತ್ತಿ, ಅದರ ಮುಖ್ಯಸ್ಥನನ್ನೂ ಸೆಂಚೂರಿಯನ್ ಎಂಬ 8 ತುಕಡಿ ನಾಯಕರನ್ನೂ ಕೊಂದರು. ಕಾಡಿನಲ್ಲಿ, ಜೌಗಿನಲ್ಲಿ ಹೊಂಚು ಹಾಕಿ ಹೊಡೆದರು. ಲೂಟಿಗಿಳಿದಿದ್ದ ಎರಡು ತುಕಡಿಗಳನ್ನು ಹಿಡಿದು, ಸೆರೆಯಾಳುಗಳನ್ನೂ ಕೊಳ್ಳೆಯನ್ನೂ ಬೇರೆ ಬುಡಕಟ್ಟುಗಳಿಗೆ ಹಂಚಿ ಅವರನ್ನೂ ದಂಗೆಗೆ ಎಳೆದರು. 'ಇವರ ಹೆಸರೇ ಅಳಿಯಬೇಕು' ಎಂಬ ರೋಮನ್ ದಂಡನಾಯಕನ ಮಾತು ಕಿವಿಗೆ ಬಿದ್ದು ಅವರು ಇನ್ನಷ್ಟು ಕೆರಳಿದರು ಎಂದು ಬರೆದಿಟ್ಟವನು ರೋಮನ್ ಇತಿಹಾಸಕಾರ ಟ್ಯಾಸಿಟಸನೇ. ಆ ಮಾತನ್ನಾಡಿದ, ಬ್ರಿಟನ್ನಿನ ರೋಮನ್ ಗವರ್ನರ್ ಒಸ್ಟೋರಿಯಸ್ ಸ್ಕಾಪುಲ ಇವರ ಕಾಟಕ್ಕೆ ಬಳಲಿ 52ರಲ್ಲಿ ಸತ್ತ. ಅವನ ಜಾಗಕ್ಕೆ ಇನ್ನೊಬ್ಬ ಬರುವಷ್ಟರಲ್ಲಿ ಒಂದು ಲೀಜನ್ ಇವರ ಕೈಯಲ್ಲಿ ಸೋತಿತ್ತು. ಸಿಲೂರರು ಮಣಿದದ್ದು 70ರ ದಶಕದಲ್ಲಿ, ಫ್ರಾಂಟಿನಸ್ ಗವರ್ನರ್ ಆಗಿ ಬಂದಾಗ. ಕೇರ್ಲಿಯನ್ ಕೋಟೆ ಎದ್ದದ್ದೂ ಆಗಲೇ.

ಕೇರ್ಲಿಯನ್‌ವರೆಗೆ ಬಂದವರು ಹತ್ತಿರದ ಕೇರ್ವೆಂಟ್ ಹಳ್ಳಿಗೂ ಹೋಗಬೇಕು. ಅದು ರೋಮನ್ ಆಳ್ವಿಕೆಯಲ್ಲಿ ಸಿಲೂರರ ಪಟ್ಟಣ. ಅಲ್ಲಿನ ಚರ್ಚಿನ ಮುಖಮಂಟಪದಲ್ಲಿ ಒಂದು ಶಾಸನದ ಕಲ್ಲಿದೆ. ಲೀಜನ್ನಿನ ದಂಡನಾಯಕನಾಗಿದ್ದ ಪೌಲಿನಸ್ ಎಂಬವನ ಗೌರವಕ್ಕೆ, 220ಕ್ಕೂ ಸ್ವಲ್ಪ ಮೊದಲು ನಿಲ್ಲಿಸಿದ್ದು. ನಿಲ್ಲಿಸಿದವರು ಸಿಲೂರರ ನಾಡಸಭೆಯವರು. ಕೊನೆಗೂ ಗೆದ್ದವರಿಗೆ ಕೈಮುಗಿದರಲ್ಲ ಎಂದು ಕೆಲವರು ಹೇಳಬಹುದು. ನಾನು ಹಾಗೆ ನೋಡಲಾರೆ. ಅಳಿಸಿಹಾಕಬೇಕೆಂದಿದ್ದ ಹೆಸರನ್ನು ಒಂದೂವರೆ ಶತಮಾನದ ನಂತರವೂ ಆ ಜನ ತಮ್ಮದೆಂದೇ, ಲ್ಯಾಟಿನ್ ಅಕ್ಷರದಲ್ಲೇ ಕೆತ್ತಿಸಿದ್ದಾರೆ.

ಈ ಬರಹದ ಮುಂದಿನ ಕಂತು ಇರುವುದಾದರೆ ಲೇಖಕರು ಕೇರ್ವೆಂಟನ್ನು ದಯವಿಟ್ಟು ಸೇರಿಸಲಿ. ಪಟ್ಟಣದ ಸುತ್ತಿನ ಗೋಡೆ ಕೆಲವೆಡೆ ಇಂದಿಗೂ 5 ಮೀಟರ್ ಎತ್ತರ ಉಳಿದಿದೆ, ನೋಡಲು ಟಿಕೆಟ್ ಬೇಕಿಲ್ಲ.

– ಸುಮಿತ್ರಾ, ನ್ಯೂಪೋರ್ಟ್, ವೇಲ್ಸ್